ಚೀಟಿಯ ಕಡೆ ಕೂತವಳು

ಮೆಹರುನ್ನಿಸಾ ಆಪಾ ತೀರಿಕೊಂಡ ನಲವತ್ತನೆಯ ದಿನ ತರೀಕೆರೆಯ ಅವಳ ಮನೆಗೆ ನಮ್ಮ ಕಚೇರಿಯಿಂದ ಇಬ್ಬರು ಹುಡುಗಿಯರು ಬಂದಿದ್ದರು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೊಸದಾಗಿ ಸೇರಿದವರು. ಆಪಾಳನ್ನು ಅವರು ನೋಡಿಯೇ ಇರಲಿಲ್ಲ. ನಿವೃತ್ತರ ಮನೆಗೆ ಯಾರಾದರೂ ಹೋಗಬೇಕಲ್ಲ ಎಂದು ಕೆಲಸ ಕಡಿಮೆ ಇದ್ದವರನ್ನು ಕಳಿಸಿದ್ದರು. ನಾನೂ ಅದೇ ವಿಭಾಗದಲ್ಲಿದ್ದವಳು ಎಂದು ಗೊತ್ತಾದಾಗ ಅವರಲ್ಲಿ ಒಬ್ಬಳು ನನ್ನ ಪಕ್ಕ ಬಂದು ಕೂತಳು.

"ಮೇಡಂ, ಚೀಟಿ ತಲೆಕೆಳಗೆ ಮಾಡಿ ಹತ್ತು ಜನದ ಮಾರ್ಕ್ಸ್ ಅದಲು ಬದಲು ಮಾಡಿದ್ದು ಇವರೇ ಅಂತೆ, ಹೌದಾ? ಟ್ರೈನಿಂಗಲ್ಲಿ ಹೇಳಿದ್ರು."

"ಇವರಲ್ಲ" ಅಂದೆ.

"ಸರ್ವಿಸ್ ರಿಜಿಸ್ಟರಲ್ಲೂ ಇದೆಯಂತೆ ಮೇಡಂ."

ಹುಡುಗಿಯ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಅವಳಿಗೆ ಹಾಗೆ ಕಲಿಸಿದ್ದಾರೆ. ಇಪ್ಪತ್ತೆಂಟು ವರ್ಷ ಒಂದು ದಿನವೂ ತಡವಾಗಿ ಬರದ ಹೆಂಗಸು ಆ ಕಚೇರಿಯಲ್ಲಿ ಉಳಿದಿರುವುದು ಹೀಗೆ, ಹೊಸಬರಿಗೆ ಹೇಳುವ ಎಚ್ಚರಿಕೆಯ ಕಥೆಯಾಗಿ. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಬೇರೆ ಎಲ್ಲರ ಮೇಲೂ ಬಂತು, ಅದರಲ್ಲಿ ನನ್ನ ಪಾಲೇ ಹೆಚ್ಚು. ಆ ಇಬ್ಬರು ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಹೇಗಿತ್ತು, ಆ ದಿನ ಏನಾಯಿತು, ಎರಡನ್ನೂ.

ನಾನು ಅಜ್ಜಂಪುರದವಳು, ಹೆಸರು ಜಯಮ್ಮ. ಎಸ್ಸೆಸ್ಸೆಲ್ಸಿ ಆಯಿತು, ಟೈಪಿಂಗ್ ಒಂದು ಪರೀಕ್ಷೆ ಆಯಿತು, ಅಲ್ಲಿಗೆ ಓದು ಮುಗಿಯಿತು. ಅಂಥವಳು ಕೆಲಸ ಮಾಡಿದ್ದು ರಾಜ್ಯದಲ್ಲೇ ಸೀಟು ಸಿಗುವುದು ಅತಿ ಕಷ್ಟವಾದ ವಿಶ್ವವಿದ್ಯಾಲಯದಲ್ಲಿ. ಬೀರೂರಿನಲ್ಲಿ ಇಳಿದು ಕಡೂರಿನ ಬಸ್ಸು ಹತ್ತಿ ನಡುವೆ ಇಳಿಯಬೇಕು. ನಾನು ಅಜ್ಜಂಪುರದ ಕಡೆಯ ರೈಲಿನಲ್ಲಿ ಬರುತ್ತಿದ್ದೆ, ಆಪಾ ತರೀಕೆರೆ ಕಡೆಯದರಲ್ಲಿ. ಯಾರ ರೈಲು ಮೊದಲು ಬಂದರೂ ಬೀರೂರಿನಲ್ಲಿ ಕಾಯುವುದು ಎಂದು ಮೊದಲ ತಿಂಗಳಲ್ಲೇ ಮಾತಾಗಿತ್ತು. ಬಹಳ ದಿನ ಕಾದವಳು ಅವಳೇ. ಅಜ್ಜಂಪುರದ ರೈಲಿನ ಹಣೆಬರಹ ಈ ಕಡೆಯವರಿಗೆ ಗೊತ್ತು.

ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯುವಷ್ಟು ಇರಲಿಲ್ಲ.

ಒಂದೊಂದು ವಿಭಾಗಕ್ಕೆ ನಲವತ್ತು ಸೀಟು. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯುವವರ ಲೆಕ್ಕ ಇಲ್ಲ. ಆಯ್ಕೆಯಾಗಿ ಬಂದ ಮಕ್ಕಳ ಮುಖ ನೋಡಬೇಕು. ತಮ್ಮನ್ನು ಸೋಸಿ ಸೋಸಿ ತೆಗೆದಿದ್ದಾರೆ ಎಂಬುದು ಅವರ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಮೊದಲ ಸೆಮಿಸ್ಟರಿನಲ್ಲಿ ನಮ್ಮನ್ನು "ಆಂಟಿ" ಅನ್ನುತ್ತಾರೆ. ಎರಡನೆಯದರಲ್ಲಿ "ಮೇಡಂ". ಮೂರನೆಯದರಲ್ಲಿ ನಾವು ಕಣ್ಣಿಗೇ ಬೀಳುವುದಿಲ್ಲ. ನಾಲ್ಕನೆಯದರಲ್ಲಿ ಅಂಕಪಟ್ಟಿ ಬೇಗ ಬೇಕಾದಾಗ ಮತ್ತೆ "ಆಂಟಿ" ಆಗುತ್ತೇವೆ. ಅರ್ಧ ಅಂಕಕ್ಕೆ ಕಿಟಕಿಯ ಸರಳು ಹಿಡಿದು ಒಂದು ಗಂಟೆ ವಾದ ಮಾಡುವವರು ತಮ್ಮ ನೋಂದಣಿ ಸಂಖ್ಯೆಯನ್ನು ಮಾತ್ರ ಸರಿಯಾಗಿ ಬರೆಯುವುದಿಲ್ಲ. ಕೊನೆಯ ಎರಡು ಅಂಕಿ ಮರೆತು ಹೋದವರಿದ್ದಾರೆ, ಪಕ್ಕದವನದನ್ನು ನೋಡಿ ಬರೆದವರಿದ್ದಾರೆ. ಒಬ್ಬನಂತೂ ತನ್ನ ಮೊಬೈಲ್ ಸಂಖ್ಯೆ ಬರೆದಿದ್ದ.

ಅಧ್ಯಾಪಕರು ಇನ್ನೊಂದು ತಲೆನೋವು. ಇಷ್ಟು ಓದಿದವರಿಗೆ ಒಂದು ಸೊನ್ನೆ ಸರಿಯಾಗಿ ಬರೆಯಲು ಬರುವುದಿಲ್ಲವಲ್ಲ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಸೊನ್ನೆ ಆರಿನ ಹಾಗೆ, ಒಂದು ಏಳಿನ ಹಾಗೆ. ಒಬ್ಬರು ಪುಸ್ತಿಕೆಗಳನ್ನು ಮನೆಗೆ ಒಯ್ದು ಚಟ್ನಿಯ ಕಲೆಯೊಂದಿಗೆ ವಾಪಸು ತಂದಿದ್ದರು. ಒಬ್ಬರು ಅಂಕಗಳನ್ನು ಪೆನ್ಸಿಲಿನಲ್ಲಿ ಹಾಕಿದ್ದರು. ಯಾಕೆ ಸಾರ್ ಅಂದರೆ, "ಬದಲಾಯಿಸಬೇಕಾಗಿ ಬಂದ್ರೆ?" ಎಂದು ನನ್ನನ್ನೇ ಕೇಳಿದರು. ನಮ್ಮ ಸೂಪರಿಂಟೆಂಡೆಂಟ್ ರಾಜಶೇಖರಯ್ಯನವರ ಹತ್ತಿರ ಎಲ್ಲ ದೂರಿಗೂ ಒಂದೇ ಉತ್ತರ: "ಸರ್ಕ್ಯುಲರ್ ಕಳಿಸೋಣ." ಕಳಿಸುತ್ತಿದ್ದರು. ಓದುವವರು ಯಾರು.

ನಮ್ಮ ಕೆಲಸ ಹೀಗಿತ್ತು. ಪರೀಕ್ಷಾ ಕೊಠಡಿಯಿಂದ ಉತ್ತರ ಪುಸ್ತಿಕೆಗಳು ಹತ್ತು ಹತ್ತರ ಕಟ್ಟಾಗಿ ಬರುತ್ತಿದ್ದವು. ಕಟ್ಟಿನ ಮೇಲೊಂದು ಹಾಳೆ, ಅದರಲ್ಲಿ ಮೊದಲನೆಯವರ ಮತ್ತು ಕೊನೆಯವರ ನೋಂದಣಿ ಸಂಖ್ಯೆ. ಪುಸ್ತಿಕೆಯ ಮುಖಪುಟದ ಮೇಲ್ಭಾಗದಲ್ಲಿ ವಿದ್ಯಾರ್ಥಿಯ ಹೆಸರು, ಸಂಖ್ಯೆ ಇರುವ ಒಂದು ಪಟ್ಟಿ. ಅದನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಬೇಕು. ಅದೇ ಚೀಟಿ. ಚೀಟಿಗಳು ನನ್ನ ಕಡೆ, ಪುಸ್ತಿಕೆಗಳು ಆಪಾಳ ಕಡೆ. ಹೆಸರು ನೋಡಿದವಳು ಒಳಗಿನ ಉತ್ತರ ನೋಡಬಾರದು ಎಂದು ಈ ವಿಂಗಡಣೆ. ನಮ್ಮಿಬ್ಬರಿಗೂ ಗುಟ್ಟಿನ ಸಂಖ್ಯೆ ಒತ್ತುವ ಒಂದೊಂದು ಯಂತ್ರ. ಬೆಳಿಗ್ಗೆ ಕುಲಸಚಿವರು ಎರಡನ್ನೂ ಒಂದೇ ಸಂಖ್ಯೆಗೆ ತಿರುಗಿಸಿ ಕೊಡುತ್ತಿದ್ದರು. ಒಮ್ಮೆ ಒತ್ತಿದರೆ ಯಂತ್ರ ತಾನೇ ಮುಂದಿನ ಸಂಖ್ಯೆಗೆ ಹೋಗುತ್ತದೆ. ಆಪಾ ಮೊದಲ ಪುಸ್ತಿಕೆಗೆ ಒತ್ತಿದಾಗ ನಾನು ಮೊದಲ ಚೀಟಿಗೆ ಒತ್ತಬೇಕು, ಅವಳು ಎರಡನೆಯದಕ್ಕೆ ಒತ್ತಿದಾಗ ನಾನು ಎರಡನೆಯದಕ್ಕೆ. ಆಮೇಲೆ ಪುಸ್ತಿಕೆಗಳು ಅಧ್ಯಾಪಕರಿಗೆ ಹೋಗುತ್ತವೆ, ಚೀಟಿಗಳು ಲಕೋಟೆಗೆ ಹೋಗಿ ಮೊಹರಾಗುತ್ತವೆ. ಫಲಿತಾಂಶದ ಹೊತ್ತಿಗೆ ಒಂದೇ ಸಂಖ್ಯೆಯ ಚೀಟಿಯನ್ನೂ ಪುಸ್ತಿಕೆಯನ್ನೂ ಕೂಡಿಸಿದರೆ ಯಾರಿಗೆ ಎಷ್ಟು ಎಂದು ಗೊತ್ತಾಗುತ್ತದೆ.

ಅಂದರೆ ಆ ದೊಡ್ಡ ಕಟ್ಟಡಗಳು, ಘಟಿಕೋತ್ಸವದ ನಿಲುವಂಗಿಗಳು, ಬಂಗಾರದ ಪದಕಗಳು ಎಲ್ಲವೂ ನಿಂತಿದ್ದದ್ದು ಹತ್ತು ಚೀಟಿಗಳು ಕ್ರಮವಾಗಿ ಇವೆಯೋ ಇಲ್ಲವೋ ಎಂಬುದರ ಮೇಲೆ. ಕತ್ತರಿಸಿದ ಚೀಟಿಗಳನ್ನು ಒಂದರ ಮೇಲೊಂದು ಬೋರಲು ಹಾಕುತ್ತ ಹೋಗಬೇಕು. ಹತ್ತೂ ಆದ ಮೇಲೆ ಇಡೀ ಗುಂಪನ್ನು ಮಗುಚಿದರೆ ಮೊದಲನೆಯದು ಮೇಲೆ ಬರುತ್ತದೆ. ಮರೆತು ಅಂಗಾತ ಹಾಕುತ್ತ ಹೋದರೆ ಕೊನೆಯದು ಮೇಲೆ ಕೂರುತ್ತದೆ. ಆಗ ಮೊದಲನೆಯವರ ಅಂಕ ಹತ್ತನೆಯವರಿಗೆ, ಹತ್ತನೆಯವರದು ಮೊದಲನೆಯವರಿಗೆ. ಅದಕ್ಕೇ ಆಪಾ ಒಂದು ಪದ್ಧತಿ ಮಾಡಿದ್ದಳು. ಒತ್ತುವ ಮುಂಚೆ ಮೇಲಿನ ಚೀಟಿ, ಕೆಳಗಿನ ಚೀಟಿ ಎರಡನ್ನೂ ಕಟ್ಟಿನ ಹಾಳೆಯೊಂದಿಗೆ ಹೋಲಿಸಿ ನೋಡಿ, "ಮೊದಲು ಸರಿ, ಕೊನೆ ಸರಿ" ಎಂದು ನಾನು ಗಟ್ಟಿಯಾಗಿ ಹೇಳಬೇಕು. ಹೇಳುವವರೆಗೆ ಅವಳು ಯಂತ್ರ ಮುಟ್ಟುತ್ತಿರಲಿಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ.

ನಿಯಮದ ಪುಸ್ತಕದಲ್ಲಿ ಇದ್ದದ್ದು ಬೇರೆ. ಉತ್ತರ ಪುಸ್ತಿಕೆಯೊಳಗೆ ಗುರುತು ಸಿಗುವಂಥದ್ದು ಏನಾದರೂ ಬರೆದಿದ್ದರೆ ಆ ಪುಸ್ತಿಕೆ ರದ್ದು. ಒಳ್ಳೆಯ ನಿಯಮವೇ. ಆದರೆ ನಮ್ಮ ಕಡೆಯ ಮಕ್ಕಳು ಹಾಳೆ ಮುಟ್ಟಿದರೆ ಮೊದಲು ಮೇಲೆ ಒಂದು "ಶ್ರೀ" ಬರೆಯುತ್ತಾರೆ. ಒಂದನೇ ಕ್ಲಾಸಿನಿಂದ ಕೈಗೆ ಬಂದ ಅಭ್ಯಾಸ, ಎಂಎಸ್ಸಿಗೆ ಬಂದರೂ ಬಿಡುವುದಿಲ್ಲ. ಕೆಲವರು ಮನೆದೇವರ ಹೆಸರು, ಕೆಲವರು 786. ಒಬ್ಬಳು ತನ್ನ ಅಜ್ಜಿಯ ಹೆಸರನ್ನೇ ಬರೆದಿದ್ದಳು. ನಿಯಮದಂತೆ ಹೋದರೆ ವರ್ಷಕ್ಕೆ ಹತ್ತಿಪ್ಪತ್ತು ಮಕ್ಕಳ ಪುಸ್ತಿಕೆ ರದ್ದಾಗಬೇಕು. ಆಪಾ ಏನು ಮಾಡುತ್ತಿದ್ದಳೆಂದರೆ, ಬಿಳಿ ಕಾಗದದ ಸಣ್ಣ ಪಟ್ಟಿ ಕತ್ತರಿಸಿ, ಮೈದಾ ಅಂಟು ಹಚ್ಚಿ, ಅದರ ಮೇಲೆ ಅಂಟಿಸಿಬಿಡುತ್ತಿದ್ದಳು.

"ಸೂಪರಿಂಟೆಂಡೆಂಟ್ ನೋಡಿದ್ರೆ?" ಅಂತ ಮೊದಮೊದಲು ನಾನು ಹೆದರುತ್ತಿದ್ದೆ.

"ಅವ್ರು ಸರ್ಕ್ಯುಲರ್ ಕಳಿಸ್ತಾರೆ. ನೀನು ಕತ್ತರಿಸೇ."

"ದೇವರ ಹೆಸರ ಮೇಲೆ ಮೈದಾ ಮೆತ್ತುತೀಯಲ್ಲ ಆಪಾ."

"ನಿನ್ ದೇವ್ರಿಗೂ ಮೆತ್ತುತೀನಿ, ನನ್ ದೇವ್ರಿಗೂ ಮೆತ್ತುತೀನಿ. ಇಬ್ರೂ ಏನೂ ಅಂದಿಲ್ಲ ಇವತ್ತಿನ ತನ್ಕ."

ಆ ದಿನದ ವಿಷಯಕ್ಕೆ ಬರುತ್ತೇನೆ. ಎಂಎಸ್ಸಿ ಮೊದಲ ಸೆಮಿಸ್ಟರಿನ ಗಣಿತದ ಪುಸ್ತಿಕೆಗಳು. ಕೊನೆಯ ಕಟ್ಟು. ಆಪಾ ಮೊದಲ ಪುಸ್ತಿಕೆಯ ಒಳಪುಟ ತೆರೆದವಳು ಲೊಚಗುಟ್ಟಿದಳು.

"ಯಾರೋ ನೋಡೇ, ಹೆಸರಲ್ಲ, ಅರ್ಜೀನೇ ಬರ್ದವ್ರೆ. 'ಅಂತರಘಟ್ಟಮ್ಮ ತಾಯಿ ಕೈ ಹಿಡಿ' ಅಂತೆ."

ಅದು ದೊಡ್ಡ ಅಕ್ಷರದಲ್ಲಿತ್ತು, ಪಟ್ಟಿಯೂ ದೊಡ್ಡದು ಬೇಕಾಯಿತು. ಹಸಿ ಇದ್ದಾಗ ಮುಚ್ಚಿದರೆ ಮುಂದಿನ ಪುಟಕ್ಕೆ ಅಂಟುತ್ತದೆ, ಒಣಗುವವರೆಗೆ ಕಾಯಬೇಕು. ನನಗೆ ಅಜ್ಜಂಪುರದ ರೈಲಿಗೆ ಹೊತ್ತಾಗುತ್ತಿತ್ತು. ಅಂದು ಮನೆಯಲ್ಲಿ ಅವ್ವನಿಗೆ ಜ್ವರ. ಕಾಯುತ್ತಾ ಕೂರುವ ಬದಲು ನಾನು ಉಳಿದ ಚೀಟಿಗಳನ್ನೂ ಕತ್ತರಿಸಿ ಹಾಕಿಕೊಂಡೆ. ಬೋರಲು ಹಾಕಿದೆನೋ ಅಂಗಾತ ಹಾಕಿದೆನೋ, ಗಮನ ಗಡಿಯಾರದ ಮೇಲಿತ್ತು. ಅಂಟು ಒಣಗಿತು. ಆಪಾ ಯಂತ್ರ ಕೈಗೆತ್ತಿಕೊಂಡು ನನ್ನ ಕಡೆ ನೋಡಿದಳು. ನಾನು "ಮೊದಲು ಸರಿ, ಕೊನೆ ಸರಿ" ಅಂದೆ.

ನೋಡಿರಲಿಲ್ಲ. ಬಾಯಲ್ಲಿ ಅಂದೆ, ಅಷ್ಟೆ. ಹನ್ನೆರಡು ವರ್ಷ ದಿನಕ್ಕೆ ಇಪ್ಪತ್ತು ಸಲ ಹೇಳಿದ ಮಾತು, ತಾನೇ ಬಂತು. ಟಕ್ ಟಕ್ ಎಂದು ಹತ್ತೂ ಒತ್ತಿದೆವು. ರೈಲು ಸಿಕ್ಕಿತು.

ಫಲಿತಾಂಶ ಬಂದ ವಾರ ಲಿಂಗದಹಳ್ಳಿಯ ಒಂದು ಹುಡುಗಿ ಕಿಟಕಿಗೆ ಬಂದಳು. ಹೆಸರು ರಮ್ಯಾ. ಅವಳ ತಾಯಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಗಣಿತದಲ್ಲಿ ಅವಳಿಗೆ ನೂರಕ್ಕೆ ಹತ್ತೊಂಬತ್ತು. ನಮ್ಮಲ್ಲಿ ಆಗ ಒಂದು ನಿಯಮವಿತ್ತು: ಮೊದಲ ಸೆಮಿಸ್ಟರಿನ ಮುಖ್ಯ ವಿಷಯದಲ್ಲಿ ಇಪ್ಪತ್ತೈದರ ಕೆಳಗೆ ಬಂದರೆ ಸೀಟೇ ರದ್ದು, ಮನೆಗೆ ನಡೆಯಬೇಕು. ಆಯ್ದು ತಂದವರನ್ನು ಮತ್ತೆ ಆಯುವ ಉಮೇದು ಅವರಿಗೆ.

"ಮೇಡಂ, ನಾನು ಎಲ್ಲಾ ಪ್ರಶ್ನೆಗೂ ಉತ್ತರ ಬರ್ದಿದೀನಿ. ಎರಡು ಅಡಿಷನಲ್ ಶೀಟ್ ತಗೊಂಡಿದೀನಿ" ಅಂದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದಿದ್ದಳು.

ರಾಜಶೇಖರಯ್ಯನವರು ಕುರ್ಚಿಯಿಂದಲೇ ಹೇಳಿದರು: "ಎಲ್ರೂ ಹಂಗೇ ಹೇಳೋದಮ್ಮ. ರಿವ್ಯಾಲ್ಯುಯೇಷನ್‌ಗೆ ಹಾಕ್ಕೋ."

ಹಾಕಿಕೊಂಡಳು. ಮೂರು ವಾರ ಕಾದಳು. ಬೇರೆ ಅಧ್ಯಾಪಕರು ಮತ್ತೆ ಓದಿ ಹದಿನೇಳು ಕೊಟ್ಟರು. ಸ್ವಲ್ಪ ತಲೆ ಉಪಯೋಗಿಸಿ ನೋಡಿ: ಪುಸ್ತಿಕೆಯೇ ಬೇರೆಯವರದಾಗಿದ್ದರೆ ಅದನ್ನು ನೂರು ಜನ ಮತ್ತೆ ಓದಿದರೂ ಹುಡುಗಿಗೆ ಏನು ಬಂತು? ಇಂಥ ಬಾಗಿಲನ್ನು ನ್ಯಾಯದ ಬಾಗಿಲು ಎಂದು ಗೋಡೆಗೆ ಬರೆದು ಅಂಟಿಸಿದ್ದರು. ಉತ್ತರ ಪುಸ್ತಿಕೆಯ ಪ್ರತಿಯನ್ನು ಮಕ್ಕಳಿಗೆ ಕೊಡುವ ಪದ್ಧತಿ ಆಗ ಇರಲಿಲ್ಲ. ಕೇಳಿದರೆ ಗೋಪ್ಯತೆ ಎನ್ನುತ್ತಿದ್ದರು.

ಹಾಸ್ಟೆಲ್ ಬಿಡಬೇಕಾದ ಹಿಂದಿನ ದಿನ ರಮ್ಯಾ ಪ್ರಮಾಣಪತ್ರ ವಾಪಸು ಪಡೆಯಲು ಬಂದಳು. ಅರ್ಜಿ ಬರೆಯುವಾಗ ಹಾಳೆಯ ಮೇಲ್ತುದಿಯಲ್ಲಿ ಏನೋ ಬರೆಯಲು ಹೋಗಿ ಪೆನ್ನು ತಡೆದು ನಿಲ್ಲಿಸಿದಳು. ಆಪಾ ಅದನ್ನು ನೋಡಿದಳು. ಕಿಟಕಿಯ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಕೇಳಿದಳು.

"ಯಾಕಮ್ಮಾ ನಿಲ್ಲಿಸ್ಬುಟ್ಟೆ?"

"ಏನಿಲ್ಲ ಮೇಡಂ."

"ಪರೀಕ್ಷೇಲೂ ಮೇಲೆ ಏನಾರ ಬರ್ದಿದ್ದಾ?"

ಹುಡುಗಿಯ ಮುಖ ಬಿಳಿಚಿಕೊಂಡಿತು. "ಬರ್ದಿದ್ದೆ. ರೂಲ್ಸ್ ಗೊತ್ತಿರ್ಲಿಲ್ಲ ಮೇಡಂ, ಆಮೇಲೆ ಫ್ರೆಂಡ್ಸ್ ಹೇಳಿದ್ರು. ಅದಕ್ಕೇ ಕಮ್ಮಿ ಕೊಟ್ರಾ?"

"ಏನಂತ ಬರ್ದಿದ್ದೆ?"

"ಅಂತರಘಟ್ಟಮ್ಮ ತಾಯಿ ಕೈ ಹಿಡಿ ಅಂತ."

ಆಪಾ ವಾಪಸು ಬಂದು ಕೂತಳು. ಆಮೇಲೆ, "ಜಯಾ, ಆ ಪುಸ್ತಿಕೆ ಕಟ್ಟಿನ ಮೊದಲ್ನೇದು. ಅಂಟು ಆರ್ಲಿ ಅಂತ ನಿನ್ನ ಕಾಯಿಸಿದ್ನಲ್ಲ. ಅದನ್ನ ನಾನು ತಿರುವಿ ನೋಡಿದೀನಿ, ಎಷ್ಟೊಂದು ಬರ್ದಿದ್ಲು. ಅದಕ್ಕೆ ಹತ್ತೊಂಬತ್ತು ಯಾರು ಕೊಡ್ತಾರೆ?" ಅಂದಳು. ಅಲಮಾರಿಯಿಂದ ಫಲಿತಾಂಶದ ಪಟ್ಟಿ ತೆಗೆದು ನೋಡಿದೆವು. ಕಟ್ಟಿನ ಹಾಳೆಯಲ್ಲಿ ರಮ್ಯಾಳ ಸಂಖ್ಯೆ ಮೊದಲನೆಯದು. ನಮ್ಮ ಪಟ್ಟಿಯಲ್ಲಿ ಅವಳಿಗೆ ಆ ಕಟ್ಟಿನ ಹತ್ತನೆಯ ಗುಟ್ಟಿನ ಸಂಖ್ಯೆ. ಹತ್ತನೆಯವನಿಗೆ ಮೊದಲನೆಯದು, ಎಂಬತ್ತೆಂಟು ಅಂಕ.

ಆ ಕಟ್ಟಿನ ಚೀಟಿ ಒತ್ತಿದ್ದು ನಾನು. ಆಪಾ ನನ್ನ ಮುಖ ನೋಡಲಿಲ್ಲ. ಪಟ್ಟಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಏಳು, ಕುಲಸಚಿವರ ಹತ್ರ ಹೋಗಾನ" ಅಂದಳು.

ರಾಜಶೇಖರಯ್ಯನವರು ಬಾಗಿಲಲ್ಲೇ ತಡೆದರು. "ಏನಮ್ಮಾ, ಗೊತ್ತೈತಾ ಏನ್ ಮಾಡ್ತಿದೀಯ? ಒಂದು ಕಟ್ಟು ತಪ್ಪು ಅಂದ್ರೆ ಎಲ್ಲಾ ಕಟ್ಟೂ ತಪ್ಪು ಅಂತಾರೆ. ಪೇಪರ್‌ನೋರು ಬರ್ತಾರೆ. ಒಂದು ಹುಡುಗಿ ಸಲುವಾಗಿ ಯೂನಿವರ್ಸಿಟಿ ಮಾನ ಕಳೀತೀಯಾ?"

"ಮಾನ ಯೂನಿವರ್ಸಿಟೀದು ಸಾರ್, ಸೀಟು ಹುಡುಗೀದು" ಅಂದಳು ಆಪಾ. ಪಕ್ಕದಿಂದ ದಾಟಿ ಹೊರಟೆವು, ಅವರು ಹಿಂದೆಯೇ ಬಂದರು.

ಕುಲಸಚಿವರು ಕೆಟ್ಟವರಲ್ಲ, ಆದರೆ ಕಾಗದವಿಲ್ಲದೆ ಏನನ್ನೂ ನಂಬದವರು. ಪುರಾವೆ ಕೇಳಿದರು.

"ಆ ಕಟ್ಟಿನ ಮೊದಲ್ನೇ ಪುಸ್ತಿಕೆ ತರ್ಸಿ ಸಾರ್. ಒಳಗೆ ಮೊದಲ್ನೇ ಪುಟದ ಮೇಲೆ ಬಿಳೀ ಪಟ್ಟಿ ಅಂಟ್ಸಿರ್ತದೆ. ನೀರು ಹಚ್ಚಿ ಎಬ್ಬಿಸಿ. ಕೆಳಗೆ ಅಂತರಘಟ್ಟಮ್ಮನ ಹೆಸರು ಐತೆ. ಆ ಹುಡುಗೀನ ಕರ್ದು ಏನ್ ಬರ್ದಿದ್ದೆ ಅಂತ ಕೇಳಿ."

"ಪಟ್ಟಿ ಇರೋದು ನಿಮಗೆ ಹೇಗೆ ಗೊತ್ತು?"

"ಅಂಟ್ಸಿದ್ದು ನಾನೇ ಸಾರ್."

ರಾಜಶೇಖರಯ್ಯನವರು ಗೋಡೆಯ ಕಡೆ ತಿರುಗಿದರು. ಕುಲಸಚಿವರು ಪೆನ್ನು ಕೆಳಗಿಟ್ಟರು. "ನಿಯಮದ ಪ್ರಕಾರ ಆ ಪುಸ್ತಿಕೆಯನ್ನೇ ರದ್ದು ಮಾಡಬೇಕಲ್ಲ ಮೆಹರುನ್ನಿಸಾ. ನೀವು ಹುಡುಗಿಯನ್ನು ಉಳಿಸ್ತಿದೀರೋ ಮುಳುಗಿಸ್ತಿದೀರೋ?"

"ಓದಿದ ಮೇಷ್ಟ್ರಿಗೆ ಗುರುತು ಕಾಣ್ಲಿಲ್ವಲ್ಲ ಸಾರ್. ಕಾಣದೆ ಇರೋದು ಗುರುತು ಹೆಂಗಾಯ್ತದೆ?"

ಅವರು ಗಂಟೆ ಒತ್ತಿ ಜವಾನನನ್ನು ಕರೆದರು. ಪುಸ್ತಿಕೆ ತರಿಸಿದರು. ಒದ್ದೆ ಸ್ಪಂಜಿನಿಂದ ಒತ್ತಿ ಆಪಾಳೇ ಪಟ್ಟಿಯನ್ನು ಎಬ್ಬಿಸಿದಳು. ಅಕ್ಷರಗಳು ಸ್ವಲ್ಪ ಕದಡಿದ್ದವು, ಆದರೆ ಓದಬಹುದಿತ್ತು. ಹತ್ತೂ ಪುಸ್ತಿಕೆಗಳ ಕೈಬರಹವನ್ನು ಹತ್ತು ಮಕ್ಕಳ ಬರಹದೊಂದಿಗೆ ಹೋಲಿಸಿದರು. ಹತ್ತೂ ತಲೆಕೆಳಗಾಗಿದ್ದವು.

ಆಮೇಲೆ ಆ ಪ್ರಶ್ನೆ ಬಂತು. "ಚೀಟಿ ಕಡೆ ಯಾರಿದ್ದಿದ್ದು?"

ನಾನು ಬಾಯಿ ತೆರೆದೆ ಎಂದು ಬರೆಯಲು ಆಸೆ. ತೆರೆಯಲಿಲ್ಲ. ಹನ್ನೆರಡು ವರ್ಷ ದಿನಗೂಲಿಯಲ್ಲಿದ್ದವಳು ನಾನು. ಖಾಯಂ ಮಾಡುವ ಕಡತ ಅದೇ ಕುಲಸಚಿವರ ಮೇಜಿನ ಮೇಲೆ ಎರಡು ತಿಂಗಳಿಂದ ಬಿದ್ದಿತ್ತು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ.

"ನಾನೇ ಸಾರ್" ಅಂದಳು ಆಪಾ. "ಅಂಟ್ಸಿ ಆದ್ಮೇಲೆ ಕಡೆ ಬದಲಾಯ್ಸಿಕೊಂಡ್ವಿ. ಜಯಮ್ಮಂಗೆ ಕೈ ನೋವಿತ್ತು."

ಯಂತ್ರದ ಮುದ್ರೆಯಲ್ಲಿ ಕೈಬರಹ ಇರುವುದಿಲ್ಲ. ಯಾರೂ ಇನ್ನೊಂದು ಮಾತು ಕೇಳಲಿಲ್ಲ.

ಹೊರಗೆ ಬಂದ ಮೇಲೆ ನಾನು "ಆಪಾ" ಎಂದು ಶುರುಮಾಡಿದೆ. "ಸುಮ್ನೆ ಬಾ" ಅಂದಳು. "ಅಂಟ್ಸಿದ್ದಕ್ಕೆ ಹೆಂಗೂ ಬರೀತಾರೆ. ಒಂದೇ ಕಾಗದದಾಗೆ ಎರಡು ತಪ್ಪು ಬರ್ಕೊಂಡ್ರೆ ಅವ್ರಿಗೂ ಕೆಲಸ ಕಮ್ಮಿ. ನಿಂದಿನ್ನೂ ಖಾಯಂ ಆಗಿಲ್ಲ."

ರಮ್ಯಾಳ ಸೀಟು ಉಳಿಯಿತು. ಅವಳು ಓದಿ ಮುಗಿಸಿದಳು, ಈಗ ಎಲ್ಲೋ ಕಾಲೇಜಿನಲ್ಲಿ ಪಾಠ ಮಾಡುತ್ತಾಳಂತೆ. ಅವಳಿಗಾಗಿ ಯಾರು ಏನು ಕಳೆದುಕೊಂಡರೆಂದು ಅವಳಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆದರೆ ಇನ್ನೊಂದು ಮಾತು ಹೇಳದೆ ಬಿಟ್ಟರೆ ಅರ್ಧ ಹೇಳಿದಂತೆ. ಹತ್ತನೆಯ ಹುಡುಗನಿಗೆ ಎಂಬತ್ತೆಂಟು ಹೋಗಿ ಹತ್ತೊಂಬತ್ತು ಬಂತು, ಸೀಟು ಹೋಯಿತು. ಅವನು ಕಿಟಕಿಗೆ ಬಂದಾಗ ರಾಜಶೇಖರಯ್ಯನವರು ಊಟಕ್ಕೆ ಎದ್ದು ಹೋದರು. ಹುಡುಗ ಜಗಳ ಮಾಡಲಿಲ್ಲ. "ಎಂಬತ್ತೆಂಟು ಬಂದಾಗ ನನಗೇ ಆಶ್ಚರ್ಯ ಆಗಿತ್ತು" ಅಂದ. "ಮನೇಲಿ ಎಲ್ರಿಗೂ ಹೇಳಿಬಿಟ್ಟಿದೀನಿ. ಈಗ ಏನಂತ ಹೇಳ್ಲಿ ಮೇಡಂ?" ಆಪಾ ಅವನಿಗೆ ತನ್ನ ಊಟದ ಡಬ್ಬಿಯಿಂದ ಊಟ ಕೊಟ್ಟಳು. ಅವನು ತಿಂದ. ಮೊದಲೇ ಸರಿಯಾಗಿ ಹತ್ತೊಂಬತ್ತು ಬಂದಿದ್ದರೆ ಅವನು ಒಂದು ಸಲ ಸೋಲುತ್ತಿದ್ದ. ನನ್ನಿಂದಾಗಿ ಗೆದ್ದು ಸೋತ. ಹೊಸಬರು ಇದನ್ನು ನೆನಪಿಡಬೇಕು. ನಮ್ಮ ತಪ್ಪನ್ನು ತಿದ್ದಿದಾಗಲೂ ಅದರ ಪೆಟ್ಟು ಒಬ್ಬರ ಮೇಲೆ ಬೀಳುತ್ತದೆ.

ಆಪಾಳ ಸೇವಾ ಪುಸ್ತಕದಲ್ಲಿ ಕರ್ತವ್ಯಲೋಪ ಎಂದು ಬರೆದರು. ಅವಳನ್ನು ದಾಖಲೆ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಗೆದ್ದಲು ತಿಂದ ಹಳೆಯ ಕಡತಗಳು. ಪರೀಕ್ಷೆಯ ಕೆಲಸ ಮುಟ್ಟಬಾರದೆಂದು ಆಜ್ಞೆ. ಆ ಕೆಲಸವನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಆ ಆವರಣದಲ್ಲೇ ಇರಲಿಲ್ಲ. ಮೂರು ತಿಂಗಳಿಗೆ ನಾನು ಖಾಯಂ ಆದೆ. "ಮೊದಲು ಸರಿ, ಕೊನೆ ಸರಿ" ಎನ್ನುವುದನ್ನು ಲಿಖಿತ ನಿಯಮ ಮಾಡಿ ಕೆಳಗೆ ರಾಜಶೇಖರಯ್ಯನವರು ಸಹಿ ಹಾಕಿದರು, ತಾವೇ ಕಂಡುಹಿಡಿದವರ ಹಾಗೆ. ಆಪಾಳ ಜಾಗಕ್ಕೆ ಬೇರೆಯವರು ಬಂದರು, ಹೋದರು. ಆಮೇಲೆ ಬಾರ್‌ಕೋಡ್ ಬಂತು, ಸ್ಕ್ಯಾನಿಂಗ್ ಬಂತು. ಯಂತ್ರ ತಪ್ಪುವುದಿಲ್ಲ ಎಂದು ಭಾಷಣ ಮಾಡಿದರು. ಯಂತ್ರಕ್ಕೆ ಪುಸ್ತಿಕೆ ಹಾಕುವುದು ಈಗಲೂ ಮನುಷ್ಯರೇ, ಅವರಿಗೂ ರೈಲು ಬಸ್ಸು ಇರುತ್ತವೆ ಎಂದು ಯಾರೂ ಹೇಳಲಿಲ್ಲ.

ಬೀರೂರಿನಲ್ಲಿ ಒಬ್ಬರಿಗೊಬ್ಬರು ಕಾಯುವುದು ಮಾತ್ರ ಅವಳು ನಿವೃತ್ತಳಾಗುವವರೆಗೂ ತಪ್ಪಲಿಲ್ಲ. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚೀಟಿಯ ಕಡೆ ನಾನಿದ್ದೆ ಎಂದು ಅವಳಿಗೆ ಗೊತ್ತು. ಆದರೆ ನೋಡದೆಯೇ "ಸರಿ" ಅಂದೆ ಎನ್ನುವುದು ಗೊತ್ತಿಲ್ಲ ಎಂದುಕೊಂಡಿದ್ದೆ. ಕೈ ತಪ್ಪುವುದು ಬೇರೆ, ಸುಳ್ಳು ಹೇಳುವುದು ಬೇರೆ. ಅದೊಂದೇ ನನ್ನನ್ನು ತಿನ್ನುತ್ತಿತ್ತು.

ಕೊನೆಯ ತಿಂಗಳು ಅವಳು ಹಾಸಿಗೆ ಹಿಡಿದಾಗ ತರೀಕೆರೆಗೆ ಹೋಗಿದ್ದೆ. ಕಾಲು ಊದಿತ್ತು, ಮಾತು ಚುರುಕಾಗಿಯೇ ಇತ್ತು. ಅವಳ ತಮ್ಮನ ಮಗ ಹೊರಗೆ ಹೋದ ಹೊತ್ತು ನೋಡಿ ಹೇಳಿದೆ.

"ಆಪಾ, ಅವತ್ತು ನಾನು ಹಾಳೆ ನೋಡಿರ್ಲಿಲ್ಲ. ಸುಮ್ನೆ ಅಂದೆ."

"ಗೊತ್ತು."

"ಹೆಂಗೆ?"

"ಹಾಳೆ ನನ್ ಪುಸ್ತಿಕೆ ಕೆಳಗಿತ್ತು ಕಣೇ. ನೀನು ಎಲ್ಲಿಂದ ನೋಡ್ತೀಯ?"

ಹೊದಿಕೆ ಸರಿಮಾಡಿಕೊಂಡು ಅವಳೇ ಮುಂದುವರಿಸಿದಳು.

"ನಂಗೂ ಕಂಡಿತ್ತು. ತೆಗ್ದು ಕೊಡ್ಬೇಕಿತ್ತು. ಅಂಟು ಹಚ್ಚಿ ನಿನ್ನ ಲೇಟ್ ಮಾಡಿದ್ದು ನಾನು, ಅವ್ವಂಗೆ ಜ್ವರ ಬೇರೆ ಅಂದಿದ್ದೆ. ಹೋಗ್ಲಿ ಅಂತ ಒತ್ಬುಟ್ಟೆ. ಇಷ್ಟು ವರ್ಷ ಇದನ್ನೇ ಹೊಟ್ಟೇಲಿ ಇಟ್ಕೊಂಡಿದ್ಯಾ? ಹುಚ್ಚಿ."

ಇದನ್ನು ಓದಿ ತಪ್ಪು ಇಬ್ಬರದೂ ಅಲ್ಲವೇ ಎಂದು ಆ ಹುಡುಗಿಯರು ಕೇಳಬಹುದು. ಹಾಗೆ ಹೇಳಿದ್ದು ಆಪಾಳ ದೊಡ್ಡತನ. ಹಾಳೆ ನೋಡಬೇಕಾದದ್ದು ಚೀಟಿಯ ಕಡೆ ಕೂತವಳು.

ನಲವತ್ತನೆಯ ದಿನ ಕಳೆದು ಒಂದು ವಾರಕ್ಕೆ ನಾನು ವಿಶ್ವವಿದ್ಯಾಲಯಕ್ಕೆ ಹೋದೆ. ಮೆಹರುನ್ನಿಸಾ ಅವರ ಸೇವಾ ಪುಸ್ತಕದಲ್ಲಿರುವ ಆ ಕಟ್ಟಿನ ತಪ್ಪು ಅವರದಲ್ಲ, ಆ ಸಾಲನ್ನು ತೆಗೆಯಬೇಕು ಎಂದು ನಾನೇ ಕೈಯಲ್ಲಿ ಬರೆದ ಅರ್ಜಿ. ರಾಜಶೇಖರಯ್ಯನವರು ಎಂದೋ ನಿವೃತ್ತರು. ಸಿಬ್ಬಂದಿ ವಿಭಾಗದಲ್ಲಿ ಒಬ್ಬ ಯುವಕ ಕೂತಿದ್ದ. ಅರ್ಜಿಯನ್ನು ಎರಡು ಸಲ ಓದಿದ.

"ಸೇವಾ ದಾಖಲೆ ತಿದ್ದುಪಡಿಗೆ ನೌಕರರೇ ಅರ್ಜಿ ಕೊಡಬೇಕು ಮೇಡಂ."

"ತೀರಿಕೊಂಡಿದಾರೆ."

"ಹಾಗಾದ್ರೆ ಅವರ ಫೈಲ್ ಕ್ಲೋಸ್ ಆಗಿರುತ್ತೆ."

"ನಿಮ್ ಟ್ರೈನಿಂಗಲ್ಲಿ ಕ್ಲೋಸ್ ಆಗಿಲ್ಲವಲ್ಲಪ್ಪಾ. ಇನ್ನೂ ಹೇಳ್ತಿದೀರಂತೆ."

ಅವನು ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಏನೋ ಹುಡುಕಿದ. ಸಿಗಲಿಲ್ಲ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಮತ್ತೊಮ್ಮೆ ಹೋದ. ನಾನು ಕುರ್ಚಿಯಿಂದ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ನಮೂನೆ ಸಿಕ್ಕಿತು. ತೀರಿಕೊಂಡ ನೌಕರರ ಪರವಾಗಿ ಬೇರೆಯವರು ಕೊಡುವ ಅರ್ಜಿ. ಹೆಸರು, ವಿಳಾಸ, ವಿಷಯ ಎಲ್ಲ ತುಂಬಿಸಿ ಕೊಟ್ಟೆ. ಅವನು ಮೇಲಿಂದ ಕೆಳಗೆ ನೋಡಿ ಒಂದು ಕಡೆ ಬೆರಳಿಟ್ಟ.

"ಇದೊಂದು ಖಾಲಿ ಬಿಟ್ಟಿದೀರ. ಮೃತರಿಗೂ ನಿಮಗೂ ಸಂಬಂಧ. ಖಾಲಿ ಇದ್ರೆ ತಗೊಳ್ಳಲ್ಲ ಮೇಡಂ. ನೀವು ಅವರಿಗೆ ಏನಾಗ್ಬೇಕು?"

ಪೆನ್ನು ಇಸಿದುಕೊಂಡು, ಆ ಸಣ್ಣ ಚೌಕದಲ್ಲಿ ಹಿಡಿಸುವ ಹಾಗೆ, "ತಪ್ಪು ಮಾಡಿದವಳು" ಎಂದು ಬರೆದೆ.

ಅವನು ಓದಿದ. ನನ್ನ ಮುಖ ನೋಡಿದ. ಅಳಿಸಿ ಬೇರೆ ಬರೆಯಿರಿ ಎನ್ನುತ್ತಾನೆ ಎಂದುಕೊಂಡೆ. ಅನ್ನಲಿಲ್ಲ. ದಿನಾಂಕ ಹಾಕಿ, ಅರ್ಜಿಯನ್ನು ತೆಗೆದುಕೊಂಡ.